ಅಜ್ಜನವರ ಮುಚ್ಚಳದ ಗಡಿಯಾರ

ನಿಪ್ಪಾಣಿಯ ತಂಬಾಕಿನ ವಖಾರಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮ ಅಜ್ಜನವರ ಬಳಿ ಬೆಳ್ಳಿಯ ಕಿಸೆಗಡಿಯಾರವೊಂದಿತ್ತು. ಇಂಗ್ಲೆಂಡಿನ ಬೇಟೆಗಾರರ ಗಡಿಯಾರದ ಗಾಜು ಒಡೆಯದಿರಲೆಂದು ರೂಢಿಗೆ ಬಂದ ‘ಹಂಟರ್’ ಮುಚ್ಚಳವು ಇಲ್ಲಿ ತಂಬಾಕಿನ ಧೂಳನ್ನು ತಡೆಯುತ್ತಿತ್ತು. ಮುಚ್ಚಳವಿಲ್ಲದ ಗಡಿಯಾರಗಳಲ್ಲಿ ಕೀಲಿಗುಂಡಿ ಸಾಮಾನ್ಯವಾಗಿ 12ರ ಮೇಲಿದ್ದರೆ, ಇದರಲ್ಲಿ 3ರ ಬದಿಗಿತ್ತು. ಅದನ್ನು ಒತ್ತಿದೊಡನೆ ಮುಚ್ಚಳ ತೆರೆಯುತ್ತಿತ್ತು. ಮುಚ್ಚುವಾಗಲೂ ಗುಂಡಿಯನ್ನು ಒತ್ತಿಯೇ ಹಿಡಿಯಬೇಕು, ಇಲ್ಲವಾದರೆ ಅಂಚು ಸವೆಯುತ್ತದೆಂದು ಅಜ್ಜನವರು ನಮ್ಮನ್ನು ಗದರಿಸುತ್ತಿದ್ದರು. (ಗದರಿಕೆ ನ್ಯಾಯವಾದುದೇ!) ಹಿಂಬದಿಯ ಒಳಮೈಯಲ್ಲಿ 0.935 ಎಂಬ ಅಂಕಿಯೂ ಮೂರು ಕರಡಿಗಳ ಸ್ವಿಸ್ ಮುದ್ರೆಯೂ ಇದ್ದವು. ಬೆಳ್ಳಿಯ ಶುದ್ಧತೆಗೆ ಅದೇ ಸಾಕ್ಷಿ. ಆ ಸಾಕ್ಷಿಯೇ ಅದಕ್ಕೆ ಮುಳುವಾಯಿತು. 1980ರ ಆರಂಭದಲ್ಲಿ ಬೆಳ್ಳಿಯ ಬೆಲೆ ಜಗತ್ತಿನಾದ್ಯಂತ ಏರಿದಾಗ, ಮನೆಯ ಅಡಚಣೆಗಾಗಿ ಚಿಕ್ಕೋಡಿಯ ಅಕ್ಕಸಾಲಿಗರೊಬ್ಬರಲ್ಲಿಗೆ ನಾನೇ ಒಯ್ದೆನು. ಅವರು ಕವಚವನ್ನಷ್ಟೇ ತೂಗಿ, ಯಂತ್ರವನ್ನು ಕಾಗದದಲ್ಲಿ ಸುತ್ತಿ ಮರಳಿಸಿದರು. ಅದಿನ್ನೂ ನನ್ನ ಮೇಜಿನ ಡಬ್ಬಿಯಲ್ಲಿದೆ.