ರೇವಾ ಕಾರಿನ ಸುರಕ್ಷತಾ ವಿವಾದ

ರೇವಾ ಕಾರಿನ ಸುರಕ್ಷತಾ ವಿವಾದವು ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ ರೇವಾ ವಿದ್ಯುತ್ ವಾಹನದ ಡಿಕ್ಕಿ ಸುರಕ್ಷತೆಯನ್ನು ಕುರಿತು 2007ರಲ್ಲಿ ಬ್ರಿಟನ್ನಿನಲ್ಲಿ ಎದ್ದ ವಿವಾದವಾಗಿದೆ. ಕಾನೂನಿನ ಕನಿಷ್ಠ ಅಗತ್ಯಗಳನ್ನು ಪೂರೈಸಿದ ಮಾತ್ರಕ್ಕೆ ತಯಾರಕರ ಹೊಣೆ ಮುಗಿಯುತ್ತದೆಯೇ ಎಂಬುದು ಇದರ ಮೂಲ ಪ್ರಶ್ನೆ.

ಹಿನ್ನೆಲೆ

ಬೆಂಗಳೂರಿನ ಮೈನಿ ಸಮೂಹ ಮತ್ತು ಅಮೆರಿಕದ ಅಮೆರಿಗಾನ್ ಸಂಸ್ಥೆಗಳು ಸೇರಿ 1994ರಲ್ಲಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯನ್ನು ಸ್ಥಾಪಿಸಿದವು. ಚೇತನ್ ಮೈನಿಯವರು ಇದರ ರೂವಾರಿ. 2001ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಈ ಎರಡು ಬಾಗಿಲಿನ ಪುಟ್ಟ ವಾಹನದ ಉದ್ದ ಸುಮಾರು 2.6 ಮೀಟರ್. ಉಕ್ಕಿನ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ ಹೊದಿಕೆಯಿತ್ತು, ಏರ್‌ಬ್ಯಾಗ್ ಇರಲಿಲ್ಲ. 2004ರಿಂದ ಲಂಡನ್‌ನಲ್ಲಿ ಇದು ಜಿ-ವಿಜ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಅಲ್ಲಿನ ದಟ್ಟಣೆ ಶುಲ್ಕದಿಂದ ವಿನಾಯಿತಿ ಇದ್ದುದು ಅದರ ಜನಪ್ರಿಯತೆಗೆ ಮುಖ್ಯ ಕಾರಣ.

ನಿಯಮ ಮತ್ತು ಪರೀಕ್ಷೆ

ನೋಡಲು ಕಾರಿನಂತಿದ್ದರೂ ಯುರೋಪಿನ ಕಾನೂನಿನ ಪ್ರಕಾರ ಇದು ಕಾರಲ್ಲ, ಕ್ವಾಡ್ರಿಸೈಕಲ್. ಬ್ಯಾಟರಿಯನ್ನು ಬಿಟ್ಟು 400 ಕಿಲೋಗ್ರಾಂ ತೂಕ ಹಾಗೂ 15 ಕಿಲೋವ್ಯಾಟ್ ಶಕ್ತಿಯ ಮಿತಿಯೊಳಗಿನ ಇಂತಹ ನಾಲ್ಕು ಚಕ್ರದ ವಾಹನಗಳಿಗೆ ಕಾರುಗಳಂತೆ ಡಿಕ್ಕಿ ಪರೀಕ್ಷೆ ಕಡ್ಡಾಯವಾಗಿರಲಿಲ್ಲ. ಕೊಳ್ಳುವವರಲ್ಲಿ ಎಷ್ಟು ಮಂದಿಗೆ ಈ ವ್ಯತ್ಯಾಸ ತಿಳಿದಿತ್ತು ಎಂಬುದು ಬೇರೆ ಮಾತು.

2007ರಲ್ಲಿ ಟಾಪ್ ಗೇರ್ ಪತ್ರಿಕೆಯು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಈ ವಾಹನವನ್ನು ತಡೆಗೋಡೆಗೆ ಡಿಕ್ಕಿ ಹೊಡೆಸುವ ಪರೀಕ್ಷೆಯನ್ನು ಮಾಡಿಸಿತು. ಒಳಗಿದ್ದವರಿಗೆ ಗಂಭೀರ ಅಥವಾ ಮಾರಣಾಂತಿಕ ಗಾಯಗಳಾಗುತ್ತಿದ್ದವೆಂದು ಫಲಿತಾಂಶ ಸೂಚಿಸಿತು. ಬ್ರಿಟನ್ನಿನ ಸಾರಿಗೆ ಇಲಾಖೆಯೂ ಕಳವಳ ವ್ಯಕ್ತಪಡಿಸಿ, ಯುರೋಪಿನ ನಿಯಮಗಳ ಮರುಪರಿಶೀಲನೆಯನ್ನು ಕೋರಿತು.

ತಮ್ಮ ವಾಹನವು ಅನ್ವಯವಾಗುವ ಎಲ್ಲ ನಿಯಮಗಳನ್ನು ಪಾಲಿಸುತ್ತದೆ, ನಗರದ ನಿಧಾನ ಸಂಚಾರಕ್ಕಾಗಿಯೇ ಅದನ್ನು ರೂಪಿಸಲಾಗಿದೆ ಎಂಬುದು ತಯಾರಕರ ಮತ್ತು ಮಾರಾಟಗಾರರ ವಾದವಾಗಿತ್ತು. ವಾದದಲ್ಲಿ ಹುರುಳಿಲ್ಲದಿಲ್ಲ: ಗಂಟೆಗೆ 40 ಕಿಲೋಮೀಟರ್ ವೇಗಕ್ಕೆ ಹೋಲಿಸಿದರೆ 64ರಲ್ಲಿ ಡಿಕ್ಕಿಯ ಶಕ್ತಿ ಎರಡೂವರೆ ಪಟ್ಟಿಗಿಂತ ಹೆಚ್ಚು. ಆದರೆ ನಗರದಲ್ಲಿಯೂ ಎದುರಿಗೆ ಬರುವುದು ಇದಕ್ಕಿಂತ ಎಷ್ಟೋ ಭಾರವಾದ ಕಾರು ಅಥವಾ ಬಸ್ಸು. ಅಂತಹ ಡಿಕ್ಕಿಯಲ್ಲಿ ಹಗುರವಾದ ವಾಹನದಲ್ಲಿರುವವರಿಗೇ ಹೆಚ್ಚಿನ ಪೆಟ್ಟು ಬೀಳುತ್ತದೆ.

ಮುಂದೆ ಬಂದ ಮಾದರಿಗಳಲ್ಲಿ ಚೌಕಟ್ಟನ್ನು ಬಲಪಡಿಸಿ, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಅಳವಡಿಸಲಾಯಿತು. 2010ರಲ್ಲಿ ಕಂಪನಿಯ ಬಹುಪಾಲು ಷೇರುಗಳನ್ನು ಮಹೀಂದ್ರಾ ಕೊಂಡುಕೊಂಡಿತು. ರೇವಾ ಉತ್ಪಾದನೆ 2012ರಲ್ಲಿ ನಿಂತಿತು.

ಕಾರ್ಪೊರೇಟ್ ನೈತಿಕತೆಯ ದೃಷ್ಟಿಯಲ್ಲಿ

ಈ ವಿಷಯದ ಪಠ್ಯಗಳಲ್ಲಿ ಸಾಮಾನ್ಯವಾಗಿ ಬರುವ ಉದಾಹರಣೆ 1970ರ ದಶಕದ ಫೋರ್ಡ್ ಪಿಂಟೊ. ಹಿಂಬದಿ ಡಿಕ್ಕಿಯಲ್ಲಿ ಅದರ ಇಂಧನ ಟ್ಯಾಂಕ್ ಒಡೆಯುವ ಅಪಾಯ ಕಂಪನಿಯ ಪರೀಕ್ಷೆಗಳಲ್ಲಿಯೇ ಕಂಡುಬಂದಿತ್ತು. ರೇವಾ ಪ್ರಕರಣ ಅಂತಹದ್ದಲ್ಲ. ಇಲ್ಲಿ ಪ್ರಶ್ನೆಗೊಳಗಾದದ್ದು ವಾಹನದ ವರ್ಗೀಕರಣ ಮತ್ತು ಅದು ಒದಗಿಸಿದ ವಿನಾಯಿತಿ.

ಭಾರತದಲ್ಲಿಯೂ ಸ್ಥಿತಿ ಬೇರೆಯಾಗಿರಲಿಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು ಪರೀಕ್ಷಿಸಿದ ಆಲ್ಟೊ 800, ನ್ಯಾನೊ, ಫಿಗೊ, ಐ10 ಮತ್ತು ಏರ್‌ಬ್ಯಾಗ್ ಇಲ್ಲದ ಪೋಲೊ ಕಾರುಗಳು ವಯಸ್ಕ ಪ್ರಯಾಣಿಕರ ರಕ್ಷಣೆಯಲ್ಲಿ ಶೂನ್ಯ ತಾರೆ ಪಡೆದವು. ಅವೆಲ್ಲವೂ ಕಾನೂನುಬದ್ಧವಾಗಿಯೇ ಮಾರಾಟವಾಗುತ್ತಿದ್ದವು. ಹೊಸ ಮಾದರಿಯ ಕಾರುಗಳಿಗೆ ಡಿಕ್ಕಿ ಪರೀಕ್ಷೆ ಕಡ್ಡಾಯವಾದದ್ದು 2017ರ ಅಕ್ಟೋಬರ್‌ನಿಂದ. ಮರುವರ್ಷ ಖಾಸಗಿ ಬಳಕೆಗೂ ಕ್ವಾಡ್ರಿಸೈಕಲ್‌ಗಳಿಗೆ ಅನುಮತಿ ದೊರೆಯಿತು. ಆ ವರ್ಗದ ಬಜಾಜ್ ಕ್ಯೂಟ್ 2016ರ ಯುರೋ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಒಂದು ತಾರೆ ಪಡೆದಿತ್ತು.