ಮೂಲ ಬದಲಾದಾಗ ಕಳಚುವ ಕೊಂಡಿಗಳು

ಸರ್ಕಾರ ಪಠ್ಯಪುಸ್ತಕ ಬದಲಿಸಿದ ವರ್ಷ, ಖಾಸಗಿಯವರು ಅಚ್ಚು ಹಾಕಿಸಿದ ಹಳೆಯ ಗೈಡುಗಳೆಲ್ಲ ರದ್ದಿಯ ಪಾಲಾಗುವುದನ್ನು ನನ್ನ ಅಧ್ಯಾಪನದ ದಿನಗಳಲ್ಲಿ ಹಲವು ಬಾರಿ ಕಂಡಿದ್ದೇನೆ. ಗೈಡು ಬರೆದವರ ತಪ್ಪೇನೂ ಇರುತ್ತಿರಲಿಲ್ಲ. ಅದು ಆತುಕೊಂಡಿದ್ದ ಪುಸ್ತಕವೇ ಬೇರೆಯಾಗಿರುತ್ತಿತ್ತು. ಮನೆಯ ಟಿ.ವಿ.ಯಲ್ಲಿ ಹಾಡು, ಚಲನಚಿತ್ರಗಳನ್ನು ತೋರಿಸುವ ತಂತ್ರಾಂಶಗಳ ಚರಿತ್ರೆಯಲ್ಲಿಯೂ ಇಂಥದೇ ಒಂದು ಪ್ರಕರಣವಿದೆ. ಅದರಲ್ಲಿ ನಮ್ಮ ಕನ್ನಡದ ಪಾಲೂ ಉಂಟು.

2001ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಎಕ್ಸ್‌ಬಾಕ್ಸ್ ಎಂಬ ಆಟದ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಮರುವರ್ಷವೇ ಕೆಲವು ಹವ್ಯಾಸಿಗಳು ಅದರಲ್ಲಿ ಹಾಡು, ಚಿತ್ರಗಳನ್ನು ನುಡಿಸುವ ತಂತ್ರಾಂಶವೊಂದನ್ನು ಕಟ್ಟಿದರು. 2004ರಲ್ಲಿ ಅದು ಎಕ್ಸ್‌ಬಾಕ್ಸ್ ಮೀಡಿಯಾ ಸೆಂಟರ್ ಎನಿಸಿತು. 2014ರಲ್ಲಿ 'ಕೋಡಿ' ಎಂಬ ಹೆಸರು ಪಡೆಯಿತು. ಇಂದು ಅದು ಕಂಪ್ಯೂಟರಿನಲ್ಲಿಯೂ ಆಂಡ್ರಾಯ್ಡ್ ಪೆಟ್ಟಿಗೆಯಲ್ಲಿಯೂ ಉಚಿತವಾಗಿ ನಡೆಯುತ್ತದೆ. ಇದರ ದೊಡ್ಡ ಗುಣವೆಂದರೆ ಹೊರಗಿನವರು ಯಾರು ಬೇಕಾದರೂ ಇದಕ್ಕೆ ಆಡ್-ಆನ್ ಎಂಬ ಪೂರಕ ತಂತ್ರಾಂಶಗಳನ್ನು ಬರೆದು ಸೇರಿಸಬಹುದು. ಒಂದು ರೇಡಿಯೋ ಕೇಳಿಸುತ್ತದೆ, ಇನ್ನೊಂದು ಚಿತ್ರಕ್ಕೆ ಅಡಿಬರಹ ಹುಡುಕಿ ತರುತ್ತದೆ. ಇಂಥ ಆಡ್-ಆನ್‌ಗಳಲ್ಲಿ ಹೆಚ್ಚಿನವು ಪೈಥಾನ್ ಎಂಬ ಗಣಕ ಭಾಷೆಯಲ್ಲಿವೆ.

ಪೈಥಾನ್ ಮೊದಲು ಪ್ರಕಟವಾದದ್ದು 1991ರಲ್ಲಿ. ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ ಬಂದದ್ದೂ ಅದೇ ವರ್ಷ, ಕನ್ನಡ ಅದರಲ್ಲಿತ್ತು. ಆದರೆ ಹಳೆಯ ಪೈಥಾನ್ ಸಾಮಾನ್ಯ ಬರಹವನ್ನು ಅಕ್ಷರಗಳೆಂದು ನೋಡದೆ ಬೈಟ್‌ಗಳೆಂದು ನೋಡುತ್ತಿತ್ತು. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್ ಸಾಕಾದುದರಿಂದ ಆ ಬಳಕೆದಾರರಿಗೆ ದೋಷ ಕಾಣಲಿಲ್ಲ. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಗುರುತಿಗೂ ಮೂರು ಬೈಟ್ ಬೇಕು. ನಮ್ಮ ಊರುಗಳ ಹೆಸರನ್ನೇ ತೆಗೆದುಕೊಳ್ಳಿ. ವ್ಯಂಜನ, ಸ್ವರಚಿಹ್ನೆ, ವಿರಾಮಗಳನ್ನು ಬಿಡಿಬಿಡಿಯಾಗಿ ಎಣಿಸಿದರೆ ಬೀದರ 4, ಭಾಲ್ಕಿ 6, ಔರಾದ 4. ಹಳೆಯ ಪೈಥಾನ್ ಇವನ್ನೇ 12, 18, 12 ಎಂದು ಎಣಿಸುತ್ತಿತ್ತು. ಹಾಡಿನ ಹೆಸರನ್ನು ಹತ್ತು ಅಕ್ಷರಕ್ಕೆ ಮೊಟಕುಗೊಳಿಸೆಂದರೆ ಹತ್ತು ಬೈಟ್ ಎಣಿಸಿ, ನಾಲ್ಕನೆಯ ಗುರುತಿನ ನಡುವೆಯೇ ಕತ್ತರಿ ಹಾಕುತ್ತಿತ್ತು! ಎರಡು ಬಗೆಯ ಬರಹ ಬೆರೆತರೆ ಕಾರ್ಯಕ್ರಮವೇ ನಿಂತುಹೋಗುವುದೂ ಇತ್ತು.

ಈ ದೋಷವನ್ನು ಬುಡದಿಂದಲೇ ತಿದ್ದಿ 2008ರ ಡಿಸೆಂಬರಿನಲ್ಲಿ ಪೈಥಾನ್ 3 ಬಂದಿತು. ಬರಹವೆಂದರೆ ಯೂನಿಕೋಡ್ ಎಂಬುದೇ ಅದರ ನಿಯಮವಾಯಿತು. ಇದರೊಡನೆ ಇನ್ನೂ ಕೆಲವು ನಿಯಮಗಳು ಬದಲಾದವು: ಮೂರನ್ನು ಎರಡರಿಂದ ಭಾಗಿಸಿದರೆ ಮೊದಲು 1 ಎನ್ನುತ್ತಿದ್ದದ್ದು ಈಗ 1.5 ಎಂದಿತು. ಹೀಗಾಗಿ ಹಳೆಯ ಕಾರ್ಯಕ್ರಮಗಳನ್ನು ತಿದ್ದದೆ ಗತಿಯಿರಲಿಲ್ಲ. ಪೈಥಾನ್ 2ರ ಪೋಷಣೆ 2020ರ ಜನವರಿ 1ಕ್ಕೆ ಮುಗಿಯಿತು. 2019ರ ಕೋಡಿ 18 ಹಳೆಯದನ್ನೇ ಬಳಸಿತ್ತು. 2021ರ ಫೆಬ್ರವರಿಯಲ್ಲಿ ಬಂದ ಕೋಡಿ 19 ಪೈಥಾನ್ 3ಕ್ಕೆ ಹೊರಳಿತು. ಮುನ್ಸೂಚನೆ ಕೊಟ್ಟಿದ್ದರೂ, ಬಿಡುವಿನ ವೇಳೆಯಲ್ಲಿ ಬರೆದವರು ಎಷ್ಟೋ ಮಂದಿ ಮರಳಿ ಬರಲಿಲ್ಲ. ಅವರ ಆಡ್-ಆನ್‌ಗಳು ನಿಷ್ಕ್ರಿಯವಾದವು. ಮನೆಯವರ ಹಾಡು, ಚಿತ್ರಗಳು ಡಿಸ್ಕಿನಲ್ಲಿ ಇದ್ದಂತೆಯೇ ಇದ್ದವು; ಅವುಗಳತ್ತ ಒಯ್ಯುವ ಕೊಂಡಿ ಕಳಚಿತ್ತು.

ಈ ಸಂಕಟ ನಮ್ಮ ಜಿಲ್ಲೆಗೆ ಹೊಸತಲ್ಲ. 1956ರ ನವೆಂಬರ್ 1ರಂದು ಬೀದರ, ಭಾಲ್ಕಿ, ಔರಾದಗಳು ಹೈದರಾಬಾದು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದವು. ಕನ್ನಡಕ್ಕೆ ಅದು ಆಗಲೇಬೇಕಾಗಿದ್ದ ಬದಲಾವಣೆ. ಆದರೆ ನಿಜಾಮರ ಕಾಲದ ಉರ್ದು ಕಾಗದಪತ್ರಗಳು ಮನೆಮನೆಯ ಪೆಟ್ಟಿಗೆಗಳಲ್ಲಿ ಉಳಿದವು. ಕಾಗದ ಹಾಳಾಗಿಲ್ಲ, ಹೊಲ ಎಲ್ಲಿಗೂ ಹೋಗಿಲ್ಲ. ಆ ಹಳೆಯ ಕೈಬರಹ ಓದಬಲ್ಲವರು ಮಾತ್ರ ವಿರಳರಾದರು. ನ್ಯಾಯವಾದ ಬದಲಾವಣೆಗೂ ಯಾರೋ ಬೆಲೆ ತೆರುತ್ತಾರೆ. ಅದನ್ನು ತೆರುವವರು ಬಹುಮಟ್ಟಿಗೆ ಬದಲಾವಣೆಯನ್ನು ಕೇಳಿದವರಾಗಿರುವುದಿಲ್ಲ.

ಆದುದರಿಂದ ಹೊಸ ಆವೃತ್ತಿಯನ್ನು ದೂಷಿಸಲು ನನ್ನ ಮನಸ್ಸೊಪ್ಪದು. ನಮ್ಮ ಅಕ್ಷರಗಳನ್ನು ಸರಿಯಾಗಿ ಎಣಿಸಲು ಕಲಿತದ್ದು ಅದೇ. ಹಳೆಯದನ್ನು ಕೈಬಿಡದಿರುವ ದಾರಿಯೂ ಇಲ್ಲಿದೆ. ಕೋಡಿಯ ಅಧಿಕೃತ ಭಂಡಾರದಲ್ಲಿರುವ ಆಡ್-ಆನ್‌ಗಳ ಮೂಲ ಬರಹ ಎಲ್ಲರಿಗೂ ತೆರೆದಿರುತ್ತದೆ. ಬರೆದವರು ಬಿಟ್ಟುಹೋದದ್ದನ್ನು ಇನ್ನೊಬ್ಬರು ತಿದ್ದಿ ನಡೆಸಬಹುದು. ಪೈಥಾನನ್ನು ಈಗ ನಮ್ಮ ಕಾಲೇಜುಗಳಲ್ಲಿಯೇ ಕಲಿಸುತ್ತಾರೆ. ಭಾಲ್ಕಿಯ ಅಥವಾ ಔರಾದದ ಹುಡುಗನೋ ಹುಡುಗಿಯೋ ಪರೀಕ್ಷೆ ಮುಗಿದ ಮೇಲೆ ಇಂಥದೊಂದನ್ನು ಕೈಗೆತ್ತಿಕೊಂಡರೆ, ಕಲಿತ ವಿದ್ಯೆಗೆ ಅದಕ್ಕಿಂತ ಒಳ್ಳೆಯ ಉಪಯೋಗ ಬೇರೆ ಯಾವುದು?