ಬನಶಂಕರಿಗೆ ಅಂತ ಹೇಳಿ ಪಟ್ಟದಕಲ್ಲಿಗೆ

ನಮ್ಮ ಗದಗ ಸೀಮೆಯ ಹಳ್ಳಿಗಳಲ್ಲಿ ಹೆಂಗಸರು ಟ್ರಿಪ್ ಹೋಗೋದಿಲ್ಲ, ಬನಶಂಕರಿಗೆ ಹೋಗ್ತಾರೆ. ಬಾದಾಮಿ ಹತ್ತಿರದ ಈ ದೇವಿ ಎಷ್ಟೋ ಮನೆಗಳ ಕುಲದೇವತೆ. ದರ್ಶನಕ್ಕೆ ಹೊರಟೀವಿ ಅಂದ್ರೆ ಅತ್ತೆಯಾಗಲಿ ಗಂಡನಾಗಲಿ ಬೇಡ ಅನ್ನೋ ಹಾಗಿಲ್ಲ. ದರ್ಶನ ಬೆಳಿಗ್ಗೆ ಒಂಬತ್ತರೊಳಗೆ ಮುಗಿದುಹೋಗುತ್ತೆ. ಉಳಿದ ಇಡೀ ದಿನ ಮಹಾಕೂಟ, ಪಟ್ಟದಕಲ್ಲು, ಐಹೊಳೆ. ನಮ್ಮೂರ ಮಹಿಳಾ ಮಂಡಳ ಹೀಗೆ ಎಷ್ಟೋ ಸಲ ಹೋಗಿಬಂದಿದೆ. ಮಂಡಳದ ರಿಜಿಸ್ಟರಿನಲ್ಲಿ ಮಾತ್ರ ಖರ್ಚಿನ ಬಾಬತ್ತು ಪ್ರತಿ ಸಲವೂ ಒಂದೇ: 'ದೇವಿ ದರ್ಶನ'.

ಈ ಮಂಡಳಗಳಿಗೂ ಒಂದು ಇತಿಹಾಸ ಇದೆ. 1952ರ ಅಕ್ಟೋಬರ್ 2ರಂದು ದೇಶದಲ್ಲಿ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಶುರುವಾಯಿತು. ಹಳ್ಳಿಗಳಲ್ಲಿ ಮಹಿಳಾ ಮಂಡಳಗಳು ಹಬ್ಬಿದ್ದು ಹೆಚ್ಚಾಗಿ ಅದರ ಮೂಲಕವೇ. ಹೊಲಿಗೆ, ಮಕ್ಕಳ ಆರೋಗ್ಯ, ಅಡುಗೆಮನೆ ಸುಧಾರಣೆ, ಇವು ಸರ್ಕಾರದ ಲೆಕ್ಕದಲ್ಲಿದ್ದ ಕೆಲಸಗಳು. 2000ದಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂತು. ವಾರದ ಉಳಿತಾಯ, ಸಾಲದ ಪುಸ್ತಕ, ಬ್ಯಾಂಕ್ ಖಾತೆ ಎಲ್ಲಾ ಹೆಂಗಸರ ಕೈಗೇ ಬಂದವು. ಮೊದಲ ಸಲ ಕ್ರೂಸರ್ ಗಾಡಿಯ ಬಾಡಿಗೆಗೆ ಯಾರೂ ಮನೆಯಲ್ಲಿ ಕೈಚಾಚಬೇಕಾಗಲಿಲ್ಲ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಪಲ್ಯ. ಟಿಕೆಟ್ಟಿಗೆ ಸಂಘದ ದುಡ್ಡು.

ಒಂದು ವರ್ಷ ಅವರ ಜೊತೆ ನಾನೂ ಹೋಗಿದ್ದೆ, ಫೋಟೊ ತೆಗೆಯೋಕೆ ಒಬ್ಬ ಬೇಕು ಅಂತ ಅವ್ವ ಕರೆದಿದ್ದಕ್ಕೆ.

ಮಹಾಕೂಟದಲ್ಲಿ ಎಲ್ಲರೂ ಮೊದಲು ಪುಷ್ಕರಣಿಯಲ್ಲಿ ಮಿಂದರು. ಮಹಾಕೂಟೇಶ್ವರ ಗುಡಿಯ ಕಂಬದ ಮೇಲೆ ಎಂಟನೇ ಶತಮಾನದ ಹಳಗನ್ನಡ ಶಾಸನವೊಂದಿದೆ. ಅದು ವಿನಾಪೋಟಿ ಅನ್ನುವವಳದ್ದು. ಅವಳು ಚಾಲುಕ್ಯ ದೊರೆ ವಿಜಯಾದಿತ್ಯನ ಪ್ರಾಣವಲ್ಲಭೆ, ಪಟ್ಟದ ರಾಣಿಯಲ್ಲ. ಹಿರಣ್ಯಗರ್ಭ ದಾನ ಮಾಡಿದ್ದು, ದೇವರಿಗೆ ಮಾಣಿಕ್ಯದ ಪೀಠ ಮಾಡಿಸಿದ್ದು, ಬೆಳ್ಳಿಯ ಕೊಡೆ ಕೊಟ್ಟಿದ್ದು, ಹೊಲ ಬಿಟ್ಟಿದ್ದು ಎಲ್ಲಾ ಅದರಲ್ಲಿದೆ. ಅದಕ್ಕೂ ಮೊದಲು ಅವಳ ಅಜ್ಜಿಯ ಹೆಸರು, ತಾಯಿಯ ಹೆಸರು ಇವೆ. ನಾನು ಇದನ್ನು ಓದಿಕೊಂಡು ಹೋಗಿದ್ದೆ, ಹೇಳಿದೆ. ಮಂಡಳದ ಲೆಕ್ಕ ಬರೆಯುವ ಚಿಗವ್ವ ಕೇಳಿದ ಪ್ರಶ್ನೆ ಒಂದೇ: "ಹೊಲ ಆಕಿ ಹೆಸರಿಗೇ ಇತ್ತೇನು?"

ನಾನು ಓದಿದ ಪುಸ್ತಕಗಳಲ್ಲಿ ಈ ಪ್ರಶ್ನೆ ನನಗೆ ಸಿಕ್ಕಿರಲಿಲ್ಲ. ನಮ್ಮೂರಲ್ಲಿ ಆ ಗಾಡಿಯಲ್ಲಿದ್ದ ಹೆಂಗಸರ ಪೈಕಿ ಇಬ್ಬರಿಗೋ ಮೂವರಿಗೋ ಮಾತ್ರ ಪಹಣಿಯಲ್ಲಿ ಹೆಸರಿದೆ. ದಾನ ಕೊಡಬೇಕಾದರೆ ಮೊದಲು ನಿಮ್ಮದು ಅಂತ ಏನಾದರೂ ಇರಬೇಕಲ್ಲ? ನಮಗೆ ಶಾಸನ ಅಂದ್ರೆ ಲಿಪಿ, ಶೈಲಿ, ರಾಜವಂಶ. ಆದರೆ ಶಾಸನದ ಒಡಲೊಳಗೆ ಇರೋದು ಲೆಕ್ಕ. ಯಾರು ಕೊಟ್ಟರು, ಎಷ್ಟು ಕೊಟ್ಟರು, ಯಾತಕ್ಕೆ ಕೊಟ್ಟರು, ಮುರಿದವರಿಗೆ ಏನು ಪಾಪ. ಪ್ರತಿ ವಾರ ಉಳಿತಾಯದ ಲೆಕ್ಕ ಬರೆಯುವವರಿಗೆ ಇದು ಬೇಗ ಅರ್ಥ ಆಗುತ್ತೆ.

ಪಟ್ಟದಕಲ್ಲಿನದು ಇನ್ನೊಂದು ಕಥೆ. 1987ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಈ ಊರಿನ ದೊಡ್ಡ ಗುಡಿ ವಿರೂಪಾಕ್ಷ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಕಟ್ಟಿದ್ದು ಅಂತ ಎಲ್ಲಾ ಗೈಡುಗಳೂ ಹೇಳ್ತಾರೆ, ಅದು ಸರಿಯೇ. ಆದರೆ ಕಟ್ಟಿಸಿದವಳು ಅವನ ರಾಣಿ ಲೋಕಮಹಾದೇವಿ. ಪಕ್ಕದ ಮಲ್ಲಿಕಾರ್ಜುನ ಗುಡಿಯನ್ನು ಕಟ್ಟಿಸಿದವಳು ತ್ರೈಲೋಕ್ಯಮಹಾದೇವಿ. ಇಬ್ಬರೂ ಹೈಹಯ ಮನೆತನದ ಅಕ್ಕ-ತಂಗಿಯರು, ಒಬ್ಬನೇ ರಾಜನನ್ನು ಮದುವೆಯಾದವರು. ವಿರೂಪಾಕ್ಷ ಗುಡಿಯ ಶಾಸನಗಳಲ್ಲಿ ಶಿಲ್ಪಿ ಗುಂಡನಿಗೆ 'ತ್ರಿಭುವನಾಚಾರಿ' ಅನ್ನೋ ಬಿರುದು ಸಿಕ್ಕ ವಿಷಯ ಇದೆ. ಹಿಂದೆ ವಿಜಯಾದಿತ್ಯ ಗಾಯಕರಿಗೆ ಕೊಟ್ಟಿದ್ದ ಹಕ್ಕುಗಳನ್ನು ಲೋಕಮಹಾದೇವಿ ಮತ್ತೆ ಖಾಯಂ ಮಾಡಿದ್ದೂ ಇದೆ.

ಗುಡಿಗಳ ಮೂಲ ಹೆಸರು ಲೋಕೇಶ್ವರ ಮತ್ತು ತ್ರೈಲೋಕ್ಯೇಶ್ವರ. ಅಂದ್ರೆ ದೇವರಿಗೆ ಆ ಅಕ್ಕ-ತಂಗಿಯರ ಹೆಸರೇ. ದೇವರನ್ನು ಕರೆದಾಗಲೆಲ್ಲಾ ಕಟ್ಟಿಸಿದವರ ನೆನಪೂ ಆಗುವಂಥ ವ್ಯವಸ್ಥೆ. ಮುಂದೆ ಯಾವುದೋ ಕಾಲದಲ್ಲಿ ಲೋಕೇಶ್ವರ ವಿರೂಪಾಕ್ಷನಾದ, ತ್ರೈಲೋಕ್ಯೇಶ್ವರ ಮಲ್ಲಿಕಾರ್ಜುನನಾದ. ಪೂಜೆ ನಡೀತಾ ಬಂತು, ಹೆಸರು ಮಾತ್ರ ಜಾರಿಹೋಯ್ತು.

ಇಷ್ಟು ಹೇಳಿ ಮುಗಿಸೋದರೊಳಗೆ ಹಿಂದಿನಿಂದ ಒಬ್ಬ ಅಜ್ಜಿ, "ಅಯ್ಯ, ಲೋಕವ್ವನ ಹೆಸರೂ ಬದಲ್ ಮಾಡ್ಯಾರ ನೋಡ್ರಿ!" ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಮ್ಮ ಕಡೆ ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡೋ ರೂಢಿ ಇದೆ. ತಟ್ಟೆಯಲ್ಲಿ ಅಕ್ಕಿ ಹರಡಿ ಹೊಸ ಹೆಸರು ಬರೆದರೆ ಮುಗೀತು. ನಮ್ಮ ಅವ್ವನಿಗೂ ಎರಡು ಹೆಸರು. ತವರಿನವರು ಕರೆಯೋದು ಒಂದು, ರೇಷನ್ ಕಾರ್ಡಿನಲ್ಲಿರೋದು ಇನ್ನೊಂದು. ಹದಿಮೂರು ಶತಮಾನದ ಹಿಂದಿನ ರಾಣಿಯ ಕಷ್ಟ ಅವರಿಗೆ ಅರ್ಧ ನಿಮಿಷದಲ್ಲಿ ತಿಳಿಯಿತು.

ಇನ್ನೊಂದು ವರ್ಷ ಮಂಡಳ ಲಕ್ಕುಂಡಿಗೆ ಹೋಯಿತು. ಅಲ್ಲಿನ ಬ್ರಹ್ಮಜಿನಾಲಯ ಕಟ್ಟಿಸಿದವಳು ಅತ್ತಿಮಬ್ಬೆ, 1007ರ ಶಾಸನ ಇದೆ. ಅವಳ ಗಂಡ ನಾಗದೇವ ತೀರಿಕೊಂಡಾಗ, ಅವನನ್ನೇ ಮದುವೆಯಾಗಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನನ್ನು ಸಾಕಲು ಉಳಿದಳು. ಅವಳ ಆಶ್ರಯದಲ್ಲಿ ರನ್ನ 993ರಲ್ಲಿ 'ಅಜಿತಪುರಾಣ' ಬರೆದ. ಪೊನ್ನನ 'ಶಾಂತಿಪುರಾಣ'ದ 1000 ಪ್ರತಿಗಳನ್ನು ಅವಳು ಬರೆಸಿ ಹಂಚಿದಳು. ಅಚ್ಚಿನ ಮನೆ ಇಲ್ಲದ ಕಾಲದಲ್ಲಿ ಓಲೆಗರಿಯ ಸಾವಿರ ಪ್ರತಿ! ನಮ್ಮ ಕೆಲಸದ ಭಾಷೆಯಲ್ಲಿ ಇದಕ್ಕೆ ಬ್ಯಾಕಪ್ ಅಂತಾರೆ. 'ದಾನಚಿಂತಾಮಣಿ' ಅನ್ನೋ ಬಿರುದನ್ನು ಶಾಲೆಯಲ್ಲಿ ನಾವೆಲ್ಲಾ ಕಂಠಪಾಠ ಮಾಡಿದ್ವಿ. ಅವಳು ವಿಧವೆಯಾಗಿ ಉಳಿದು ಬದುಕಿದವಳು ಅಂತ ಯಾರೂ ಒತ್ತಿ ಹೇಳಲಿಲ್ಲ. ಮಂಡಳದಲ್ಲಿ ಗಂಡನಿಲ್ಲದವರು ಆರು ಜನ. ಊರಿನ ಮದುವೆ, ಸೀಮಂತಗಳಲ್ಲಿ ಅವರು ಹಿಂದೆ ಕೂರಬೇಕು. ಕ್ರೂಸರಿನಲ್ಲಿ ಆ ಲೆಕ್ಕ ಇರಲಿಲ್ಲ. ಮುಂದಿನ ಸೀಟು ಬಸ್ಸಿನಲ್ಲಿ ವಾಂತಿ ಆಗುವವರಿಗೆ!

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ. ಆಮೇಲೆ ಆಫೀಸಿನ ಊಟದ ಟೇಬಲ್ಲಿನಲ್ಲಿ ಒಂದು ಮಾತು ಬಹಳ ಸಲ ಕೇಳಿದೀನಿ: "ಹೆಂಗಸರು ಸುಮ್ನೆ ತಿರುಗ್ತಾರೆ." ಯೋಜನೆಯ ಖರ್ಚು, ಬಸ್ಸಿನ ರಶ್ಶು ಇವುಗಳ ಬಗ್ಗೆ ವಾದ ಮಾಡೋಣ, ಮಾಡಲೇಬೇಕು. ಆದರೆ ಆ 'ಸುಮ್ನೆ' ಅನ್ನೋ ಪದಕ್ಕೆ ನನ್ನ ತಕರಾರಿದೆ. ವರ್ಷಕ್ಕೆರಡು ಸಲ ಟೀಮ್ ಔಟಿಂಗ್ ಅಂತ ರೆಸಾರ್ಟಿಗೆ ಹೋಗಿ ಈಜುಕೊಳದಲ್ಲಿ ಬಿದ್ದುಕೊಂಡು ಬರುವ ನಮಗೆ ಯಾರೂ ಕಾರಣ ಕೇಳೋದಿಲ್ಲ. ನಮ್ಮವ್ವಂದಿರು ಐವತ್ತು ವರ್ಷ ದೇವಿಯ ಹೆಸರು ಮುಂದೆ ಮಾಡಿಯೇ ಹೊಸಿಲು ದಾಟಬೇಕಾಯ್ತು. ದಾಟಿದ ಮೇಲೆ ಅವರು ನೋಡಿದ್ದು ಬರೀ ಕಲ್ಲನ್ನಲ್ಲ. ಹೊಲ ಯಾರ ಹೆಸರಿಗಿತ್ತು, ಹೆಸರು ಎಲ್ಲಿ ಹೋಯ್ತು, ಗಂಡ ಹೋದಮೇಲೆ ಹೇಗೆ ಬದುಕಿದಳು, ಈ ಪ್ರಶ್ನೆಗಳನ್ನು ಎತ್ತಿದ್ದು ಅವರು. ನಾನು ಇತಿಹಾಸ ಓದುವ ರೀತಿ ಬದಲಾದದ್ದು ಅಲ್ಲಿಂದ.

ಲೋಕಮಹಾದೇವಿ ಇವತ್ತು ನಮಗೆ ಗೊತ್ತಿರೋದು ಕಲ್ಲಿನ ಮೇಲೆ ಬರೆದಿದ್ದಕ್ಕೆ. ನಮ್ಮೂರ ಮಂಡಳದ್ದು ಕಾಗದ. ಹಳೇ ರಿಜಿಸ್ಟರುಗಳು ಒಬ್ಬರ ಮನೆಯ ಟ್ರಂಕಿನಲ್ಲಿವೆ, ಒಂದರ ಅಂಚಿಗೆ ಆಗಲೇ ಗೆದ್ದಲು ಹತ್ತಿದೆ. ಕಳೆದ ಸಲ ಊರಿಗೆ ಹೋದಾಗ ಕೂತು ಪುಟಪುಟವಾಗಿ ಫೋಟೊ ತೆಗೆದು ಮೂರು ಕಡೆ ಉಳಿಸಿಟ್ಟೆ. ಸಾಲು ಸಾಲು ಸಹಿ, ನಡುನಡುವೆ ಹೆಬ್ಬೆಟ್ಟು. ಅವ್ವ ಎಲ್ಲಾ ಕಡೆ ಸಹಿ ಮಾಡಿರೋದು ತವರಿನ ಹೆಸರಿನಲ್ಲಿ. ಬೇರೆ ಯಾವ ಕಾಗದದಲ್ಲೂ ಆ ಹೆಸರಿಲ್ಲ.

ನಿಮ್ಮ ಅಮ್ಮನ ಸಂಘದ ರಿಜಿಸ್ಟರ್ ಎಲ್ಲಿದೆ? ಈ ಭಾನುವಾರ ಫೋನ್ ಮಾಡಿದಾಗ ಒಮ್ಮೆ ಕೇಳಿ ನೋಡಿ.